ಕಂಪ್ಯೂಟರಿಗೆ ಕೊಕ್ಕೆ ಕಟ್ಟಿದ್ದು

ರೇಷ್ಮೆ ಸೀರೆ ನೇಯುವ ಜಕಾರ್ಡ್ ಮಗ್ಗವನ್ನು ಹತ್ತಿರದಿಂದ ನೋಡದವರಿಗೆ ನಾನು ಮಾಡಿದ ತಪ್ಪು ಬರೀ ದಡ್ಡತನವಾಗಿ ಕಾಣುತ್ತದೆ. ಆದ್ದರಿಂದ ಮೊದಲು ಮಗ್ಗದ ವಿಚಾರ ಹೇಳಿಬಿಡುತ್ತೇನೆ. ಮಗ್ಗದ ನೆತ್ತಿಯ ಮೇಲೆ ಒಂದು ಪೆಟ್ಟಿಗೆ ಕೂತಿರುತ್ತದೆ. ಅದರೊಳಗೆ ಸಾಲುಸಾಲು ಕೊಕ್ಕೆ. ಒಂದೊಂದು ಕೊಕ್ಕೆಯಿಂದ ಕೆಳಗೆ ದಾರ ಇಳಿದು ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಯನ್ನು ಹಿಡಿದಿರುತ್ತದೆ. ತೂತು ಹಾಕಿದ ರಟ್ಟಿನ ಕಾರ್ಡುಗಳು ಒಂದರ ಹಿಂದೊಂದು ಸುತ್ತಿ ಬಂದ ಹಾಗೆ ಯಾವ ಕೊಕ್ಕೆ ಏಳಬೇಕೋ ಅದು ಏಳುತ್ತದೆ, ಸೀರೆಯ ಮೇಲೆ ಹೂವೋ ಹಕ್ಕಿಯೋ ಮೂಡುತ್ತದೆ. ಎಲ್ಲ ಚಿತ್ರಕ್ಕೂ ಎಲ್ಲ ಕೊಕ್ಕೆ ಬೇಕಾಗುವುದಿಲ್ಲ. ಎಡಗಡೆಯಿಂದ ತುಂಬುತ್ತ ಬಂದರೆ ಕೊನೆಗೆ ಕೆಲವು ಖಾಲಿ ಉಳಿಯುತ್ತವೆ. ಖಾಲಿ ಕೊಕ್ಕೆ ಸುಮ್ಮನಿರುವ ಜಾತಿಯಲ್ಲ. ಪಕ್ಕದ್ದಕ್ಕೆ ಸಿಕ್ಕಿಕೊಂಡು ಎಳೆ ಹರಿಯುತ್ತದೆ. ಅದಕ್ಕೇ ಮೊಳಕಾಲ್ಮೂರಿನ ನಮ್ಮ ನೇಕಾರರು ಹೊಸ ಚಿತ್ರ ಕೂರಿಸುವ ಮೊದಲು ಖಾಲಿ ಕೊಕ್ಕೆಗಳನ್ನೆಲ್ಲ ದಾರದಿಂದ ಬಿಗಿದು ಕಟ್ಟಿಬಿಡುತ್ತಾರೆ.

ಒಳ್ಳೆಯ ಪದ್ಧತಿ. ಮಗ್ಗದ ಮಟ್ಟಿಗೆ.

ನಾನು ಹುಟ್ಟು ನೇಕಾರನಲ್ಲ. ನನ್ನಿವಾಳದ ಕಡೆ ಶೇಂಗಾ ಬಿತ್ತುವ ಮನೆಯವನು. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ಕೈಕೊಟ್ಟ ಮೇಲೆ ಮೊಳಕಾಲ್ಮೂರಿಗೆ ಬಂದು ಸೀರೆ ಗಂಟು ಹೊತ್ತೆ. ಆ ಗಂಟನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಪಡಸಾಲೆಗಳಲ್ಲಿ ಬಿಚ್ಚಿ ಹಾಸಿ ವ್ಯಾಪಾರ ಕಲಿತೆ. ಚಳ್ಳಕೆರೆಯ ಹೆಂಗಸರ ಚೌಕಾಸಿಗೆ ಸಿಕ್ಕಿಯೂ ಬಂಡವಾಳ ಉಳಿಸಿಕೊಂಡು ಹೊರಗೆ ಬಂದವನು ದೇಶದ ಯಾವ ಸಂತೆಯಲ್ಲಾದರೂ ಬದುಕುತ್ತಾನೆ, ಇದು ನನ್ನ ಅನುಭವ. ಹದಿನೈದು ವರ್ಷ ಹಾಗೆ ಓಡಾಡಿದ ಮೇಲೆ ನಾಲ್ಕು ಮಗ್ಗಗಳಿಗೆ ರೇಷ್ಮೆ ಕೊಟ್ಟು ನನ್ನದೇ ಸೀರೆ ನೇಯಿಸುವ ಸ್ಥಿತಿಗೆ ಬಂದಿದ್ದೆ. ಆಗ ತಲೆಗೆ ಹತ್ತಿದ್ದು ಕಂಪ್ಯೂಟರ್.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಸೀರೆಯ ಚಿತ್ರವನ್ನು ಅದುವರೆಗೆ ಚೌಕಳಿ ಕಾಗದದ ಮೇಲೆ, ಒಂದೊಂದೇ ಮನೆಗೆ ಕುಂಚದಲ್ಲಿ ಕೆಂಪು ತುಂಬಿ ಬರೆಯಬೇಕಾಗಿತ್ತು. ಒಂದು ಸೆರಗಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಂಪ್ಯೂಟರಿನಲ್ಲಾದರೆ ಒಂದು ಗಿಳಿ ಬರೆದು ಹತ್ತು ಗಿಳಿ ಮಾಡಬಹುದು, ಫ್ಲಾಪಿಗೆ ಹಾಕಿ ಧರ್ಮಾವರಕ್ಕೆ ಕೊಟ್ಟರೆ ಅಲ್ಲಿ ಕಾರ್ಡು ತೂತು ಹಾಕಿ ಕೊಡುತ್ತಾರೆ ಎಂದು ಕೇಳಿದ್ದೆ. ಚಳ್ಳಕೆರೆಯ ಒಂದು ಅಂಗಡಿಗೆ ಹೋಗಿ ಕೂತೆ. ಮೂರು ಸಲ ಎದ್ದು ಬಾಗಿಲವರೆಗೆ ಹೋಗಿ, ಮೂರು ಸಲವೂ ಕರೆಸಿಕೊಂಡು ವಾಪಸ್ ಬಂದೆ. ನಾಲ್ಕನೇ ಸಲ ಚಪ್ಪಲಿ ಮೆಟ್ಟಿದ್ದೇ ಅಂಗಡಿಯವನು, ನೀವು ಹೇಳಿದ ರೇಟಿಗೇ ಆಗಲಿ, ಆ ರೇಟಿಗೆ ಕೂರಿಸಿ ಕೊಡ್ತೀನಿ ಎಂದು ಹಿಂದಿನ ಕೋಣೆಗೆ ಹೋದ. ನಾನು ಗೆದ್ದೆನೆಂದು ಮುಂದಿನ ಕೋಣೆಯಲ್ಲಿ ಕೂತು ಕಾಫಿ ಕುಡಿದೆ. ನೀವು ಹಾಗೆ ಮಾಡಬೇಡಿ. ವ್ಯಾಪಾರಿ ಸೋತ ಮುಖ ಮಾಡಿಕೊಂಡು ಹಿಂದಿನ ಕೋಣೆಗೆ ಹೋದರೆ ಕಾಫಿ ಬಿಟ್ಟು ನೀವೂ ಹಿಂದೆಯೇ ಹೋಗಬೇಕು.

ಚಿತ್ರ ಬರೆಯಲು ಒಬ್ಬ ತಾತನಿದ್ದರು. ನಲವತ್ತು ವರ್ಷದಿಂದ ಊರಿನ ಅರ್ಧ ಸೀರೆಗಳ ಚಿತ್ರ ಅವರ ಕೈಯದು. ಆಂಧ್ರದ ಗಡಿಯ ಹಳ್ಳಿಯವರು, ಕನ್ನಡ ಮಾತಾಡುವಾಗ ನಡುನಡುವೆ ತೆಲುಗು ಇಣುಕುತ್ತಿತ್ತು, ನನ್ನನ್ನು ಅಪ್ಪಾ ಎನ್ನುವ ಹಾಗೆ ನಾಯ್ನಾ ಎಂದೇ ಕರೆಯುತ್ತಿದ್ದರು. ಬೆಂಗಳೂರಿನಿಂದ ಬಂದವನೊಬ್ಬ ಎರಡು ದಿನ ಕೂತು ಅವರಿಗೆ ಕಲಿಸಿ ಹೋದ. ಮೊದಲ ವಾರ ಮೌಸನ್ನು ಕುಂಚದ ಹಾಗೆ ಬೆರಳ ತುದಿಯಲ್ಲಿ ಎತ್ತಿ ಹಿಡಿದು, ಬಾಣ ಯಾಕೆ ಓಡಲ್ಲ ಎಂದು ಕೇಳುತ್ತಿದ್ದರು. ಮೂರನೆಯ ವಾರಕ್ಕೆ ಆ ಬೆಂಗಳೂರಿನವನಿಗಿಂತ ಚೆನ್ನಾಗಿ ಓಡಿಸುತ್ತಿದ್ದರು.

ಅವರು ಬರೆಯಲು ಹೊರಟಿದ್ದು ಕಾವಲಿನ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನ, ದನ. ಚಿಕ್ಕವರಿದ್ದಾಗ ವರವು ಕಾವಲಿನ ಅಂಚಿನಲ್ಲಿ ಚಿಕ್ಕಪ್ಪನ ಜೊತೆ ದನ ಕಾಯ್ದಿದ್ದರಂತೆ. ಅಮೃತಮಹಲ್ ದನದ ಕೊಂಬು ಹಣೆಯಿಂದ ಎದ್ದು ಹಿಂದಕ್ಕೆ ಬಾಗಿ ಮತ್ತೆ ತುದಿ ಮೇಲಕ್ಕೆ ತಿರುಗುತ್ತದಲ್ಲ, ಅದೇ ಗೆರೆ. ಒಂದು ದನದ ಕೊಂಬಿನ ತುದಿ ಇನ್ನೊಂದರ ಭುಜಕ್ಕೆ ಹೋಗಿ ಮುಟ್ಟುವ ಹಾಗೆ ಸೆರಗಿನ ತುಂಬ ಹನ್ನೊಂದು ದನ. ದೂರದಿಂದ ಅಲೆ, ಹತ್ತಿರ ಬಂದರೆ ಹಿಂಡು. ಒಂದು ಬರೆದು ಹನ್ನೊಂದು ಮಾಡಿ ತಾತ, ಅದಕ್ಕೇ ಈ ಯಂತ್ರ ತಂದಿದ್ದು ಎಂದೆ. ಯಾವ ಹಿಂಡಿನಲ್ಲಿ ಹನ್ನೊಂದು ದನ ಒಂದೇ ಥರ ಇರ್ತಾವೆ ಎಂದು ಹನ್ನೊಂದನ್ನೂ ಬೇರೆ ಬೇರೆಯಾಗಿ ಬರೆದರು.

ಅವರ ಷರತ್ತು ಒಂದೇ. ಆ ಸೆರಗಿನ ಮೊದಲ ಸೀರೆ ಅವರ ಹೆಂಡತಿಗೆ ಕೊಡಬೇಕು. ನಲವತ್ತು ವರ್ಷ ಬರೆದದ್ದೆಲ್ಲ ಊರವರ ಮೈಮೇಲೆ ಹೋಗಿದೆ, ತಮ್ಮ ಕೈಯ ಒಂದು ಗೆರೆಯೂ ಅಜ್ಜಿಯ ಮೈಗೆ ಬಂದಿಲ್ಲ. ಬಲಗೈ ನಡುಗಲು ಹತ್ತಿದೆ, ಇನ್ನೊಂದು ಸೆರಗು ಬರೆಯುವುದು ಆಗದ ಮಾತು, ಬರೆದರೆ ಇದೇ ಕೊನೆಯದು ಎಂದು ಅವರೇ ಹೇಳಿದರು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡು ನನ್ನದೂ ಒಂದು ಷರತ್ತು ಹಾಕಿದೆ. ಕಾಗದದ ಮೇಲೆ ಚೂರೂ ಉಳಿಯಬಾರದು, ಪೂರ್ತಿಯಾಗುವ ತನಕ ಫ್ಲಾಪಿಗೂ ಹಾಕಬಾರದು. ನಮ್ಮ ಬೀದಿಯಲ್ಲಿ ಚಿತ್ರ ಒಣಗುವ ಮೊದಲೇ ಪಕ್ಕದ ಮಗ್ಗದಲ್ಲಿ ಅದರ ನಕಲು ಏಳುತ್ತಿತ್ತು. ತಾತ ಬರೆದುಕೊಂಡಿದ್ದ ಕಚ್ಚಾ ಹಾಳೆಗಳನ್ನು ನಾನೇ ಮುಂದೆ ನಿಂತು ನೀರೊಲೆಗೆ ಹಾಕಿಸಿದೆ. ಹನ್ನೊಂದು ದನವೂ ಈಗ ಒಂದೇ ಪೆಟ್ಟಿಗೆಯಲ್ಲಿದ್ದವು. ಬಾಗಿಲು ಒಂದೇ ಇದ್ದರೆ ಕಾವಲು ಸುಲಭ ಎಂದು ನನಗೆ ಸಮಾಧಾನ.

ಇನ್ನು ಎರಡು ದನದ ಕಾಲು ಬಾಕಿ ಇದ್ದಾಗಿನ ಮಾತು. ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಕಂಪ್ಯೂಟರ್ ಏಳಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಏನನ್ನೋ ಹುಡುಕುವ ಹಾಗೆ ಕಪ್ಪು ಪರದೆಯ ಮೇಲೆ ನಿಂತು ನಿಂತು ಮುಂದೆ ಹೋಗುತ್ತಿತ್ತು. ಅಂಗಡಿಯವನು ಮನೆಗೆ ಬಂದು ಅದನ್ನು ಚಾಲೂ ಮಾಡಿಕೊಟ್ಟ ದಿನ ಶುರುವಿನಲ್ಲೇ ಡಿಲೀಟ್ ಕೀಲಿ ಒತ್ತಿ ಒಂದು ನೀಲಿ ಪರದೆಗೆ ಹೋಗಿ ಏನೇನೋ ಬದಲಾಯಿಸಿದ್ದನ್ನು ನಾನು ಹೆಗಲ ಮೇಲಿಂದ ನೋಡಿ ಕಲಿತಿದ್ದೆ. ನೋಡಿ ಕಲಿತದ್ದಕ್ಕೆ ಫೀಜು ಇಲ್ಲ. ತಾತ ಹನ್ನೊಂದು ಗಂಟೆಗೆ ಬರುವವರು. ಅಷ್ಟರಲ್ಲಿ ಯಂತ್ರವನ್ನು ಚುರುಕು ಮಾಡಿಡೋಣವೆಂದು ನಾನೂ ಡಿಲೀಟ್ ಒತ್ತಿದೆ.

ನೀಲಿ ಪರದೆಯಲ್ಲಿ ಒಂದರ ಕೆಳಗೊಂದು ನಾಲ್ಕು ಸಾಲು. ನಾಲ್ಕರ ಮುಂದೆಯೂ 'ಆಟೋ', ಅಂದರೆ ತಾನೇ ಹುಡುಕಿಕೊಳ್ಳುತ್ತೇನೆ, ಎಂದಿತ್ತು. ಒಳಗೆ ಚಿತ್ರ ಇಡುವ ಡಿಸ್ಕು ಒಂದು, ಸಿಡಿ ಹಾಕುವ ಡ್ರೈವು ಒಂದು, ಇವು ಅವುಗಳ ಜಾಗ ಎಂಬುದು ನನಗೆ ಅಂಗಡಿಯವನ ಬಾಯಿಂದಲೇ ಗೊತ್ತಿತ್ತು. ಇರುವುದು ಎರಡು, ಜಾಗ ನಾಲ್ಕು. ಅಂದರೆ ಕೊನೆಯ ಎರಡು ಖಾಲಿ ಕೊಕ್ಕೆ. ಅವನ್ನು ಹುಡುಕುತ್ತಲೇ ಇದು ದಿನಾ ಹೊತ್ತು ಕಳೆಯುತ್ತಿದೆ. ಮೂರನೆಯದರ ಮೇಲೆ ಹೋಗಿ ಆಟೋ ತೆಗೆದು 'ನನ್', ಅಂದರೆ ಏನೂ ಇಲ್ಲ ಎಂದು, ಮಾಡಿದೆ. ನಾಲ್ಕನೆಯದಕ್ಕೂ ಹಾಗೇ. ಕಟ್ಟಿದೆ.

ಕೈ ಹೋದ ಮೇಲೆ ನಿಲ್ಲಲಿಲ್ಲ. ಕೀಲಿಮಣೆಯ ಬಲಮೂಲೆಯಲ್ಲಿ ಒಂದು ಹಸಿರು ದೀಪ ದಿನವಿಡೀ ವ್ಯರ್ಥವಾಗಿ ಉರಿಯುತ್ತಿತ್ತು. ಅದಕ್ಕೂ ಅಲ್ಲಿ ಒಂದು ಸಾಲು ಇತ್ತು, ಅದನ್ನೂ ಆಫ್ ಮಾಡಿದೆ. ಕೊನೆಗೆ, ನನ್ನಷ್ಟು ಬುದ್ಧಿ ಇಲ್ಲದವರು ಯಾರಾದರೂ ಇಲ್ಲಿಗೆ ಬಂದು ಕೈಯಾಡಿಸಿದರೆ ಎಂದು ಒಂದು ಪಾಸ್‌ವರ್ಡ್ ಇಟ್ಟೆ. ನನ್ನ ಸೀರೆಯ ಹಾಸಿನಲ್ಲಿ ಎಷ್ಟು ಎಳೆ ಎಂಬ ಸಂಖ್ಯೆ, ಪ್ರಾಣ ಹೋದರೂ ಮರೆಯದ ಸಂಖ್ಯೆ. ಕೀಲಿಮಣೆಯ ಬಲಗಡೆ ಕ್ಯಾಲ್ಕುಲೇಟರಿನ ಹಾಗೆ ಅಂಕಿಗಳ ಗುಂಪು ಇರುತ್ತದಲ್ಲ, ನನ್ನ ಬೆರಳು ಅಲ್ಲೇ ಓಡುವುದು. ಎರಡು ಸಲ ಒತ್ತಿಸಿಕೊಂಡಿತು. ಉಳಿಸಿ ಹೊರಬಂದೆ.

ಕಂಪ್ಯೂಟರ್ ನಿಜವಾಗಿಯೂ ಬೇಗ ಮುಂದೆ ಹೋಯಿತು. ಹೋಗಿ, ಕಪ್ಪು ಪರದೆಯ ಮೇಲೆ ಒಂದೇ ಸಾಲು ಬರೆದು ನಿಂತಿತು. ನನಗೆ ಕೈಕೊಟ್ಟಿದ್ದ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಡಿಸ್ಕು ಸಿಗುತ್ತಿಲ್ಲ, ಬೇರೆ ಹಾಕಿ ಎಂಟರ್ ಒತ್ತು ಎಂದಿತ್ತು. ಎಂಟರ್ ಒತ್ತಿದೆ, ಅದೇ ಸಾಲು ಇನ್ನೊಮ್ಮೆ ಬಂತು. ಇಪ್ಪತ್ತು ಸಲ ಒತ್ತಿದೆ, ಇಪ್ಪತ್ತು ಸಾಲು. ಸರಿ, ಕಟ್ಟಿದ್ದನ್ನು ಬಿಚ್ಚೋಣವೆಂದು ಡಿಲೀಟ್ ಒತ್ತಿದರೆ ಪಾಸ್‌ವರ್ಡ್ ಕೇಳಿತು. ಎಳೆಗಳ ಸಂಖ್ಯೆ ಒತ್ತಿದೆ. ತಪ್ಪು ಎಂದಿತು. ಮೂರು ಸಲ ತಪ್ಪು ಎಂದು ಹೇಳಿ ಕಲ್ಲಾಗಿ ಕೂತಿತು. ಮರೆಯಲಾಗದ ಸಂಖ್ಯೆಯನ್ನು ಯಂತ್ರವೇ ಮರೆತಿತ್ತು.

ಅವ್ವ ಬಾಗಿಲಲ್ಲಿ ನಿಂತು ನೋಡಿ, ಬೀದಿಯವರ ಕಣ್ಣು ಬಿದ್ದೈತೆ ಎಂದು ಮೆಣಸಿನಕಾಯಿ ಉಪ್ಪು ತರಲು ಒಳಗೆ ಹೋದಳು. ಅಷ್ಟರಲ್ಲಿ ತಾತ ಬಂದರು.

"ಇನ್ನೂ ಎದ್ದಿಲ್ವಾ ನಾಯ್ನಾ?"

"ಕರೆಂಟು ಸರಿ ಇಲ್ಲ ತಾತ."

ತಾತ ಚಾಪೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡರು. ಒಂದು ಸಲ ಮೇಲೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು.

"ಫ್ಯಾನು ಬೇರೆ ಕರೆಂಟಲ್ಲಿ ತಿರುಗ್ತೈತಾ?"

ಹೇಳಬೇಕಾಯಿತು. ಅರ್ಧ ಮಾತ್ರ ಹೇಳಿದೆ, ಅದೇನೋ ತಾನಾಗಿ ಕೆಟ್ಟಿದೆ ಎಂದು. ತಾತ ಬೈಯಲಿಲ್ಲ, ಬೈದಿದ್ದರೆ ಚೌಕಾಸಿ ಮಾಡಲು ನನಗೊಂದು ದಾರಿ ಇರುತ್ತಿತ್ತು. ಪರದೆಯ ಹತ್ತಿರ ಬಗ್ಗಿ, ಆ ಇಪ್ಪತ್ತು ಸಾಲುಗಳನ್ನು ನೋಡಿ, ಕೇಳಿದ್ದು ಇಷ್ಟೇ: "ದನ ಒಳಗೇ ಅದಾವಾ, ಹೋಗಿಬಿಟ್ಟಾವಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದು ನನ್ನ ವ್ಯಾಪಾರದ ಬದುಕಿನಲ್ಲಿ ಅದೇ ಮೊದಲು.

ಪೆಟ್ಟಿಗೆಯ ವಯರುಗಳನ್ನು ಬಿಚ್ಚಿ, ಏಟು ಬೀಳದಿರಲೆಂದು ಉಣ್ಣೆಯ ಕಂಬಳಿಯಲ್ಲಿ ಸುತ್ತಿ ಚಳ್ಳಕೆರೆಯ ಬಸ್ಸು ಹತ್ತಿದೆವು. ತಾತ ನಾನೇ ಹಿಡೀತೀನಿ ಎಂದು ತೊಡೆಯ ಮೇಲಿಟ್ಟುಕೊಂಡರು. ಕಂಡಕ್ಟರ್ ಬಂದು ಲಗೇಜಿಗೆ ಚೀಟಿ ತಗೋಬೇಕು ಎಂದ. ತೊಡೆಯ ಮೇಲಿನದು ಲಗೇಜಲ್ಲ, ಸೀಟಿನ ಜಾಗ ತಿಂದಿಲ್ಲ, ನೆಲದ ಜಾಗ ತಿಂದಿಲ್ಲ, ಹಾಗೆ ನೋಡಿದರೆ ಕೂಸಿಗೂ ಚೀಟಿ ಕೊಡಬೇಕಾಗುತ್ತದೆ ಎಂದು ನಾನು ಶುರುಮಾಡಿದೆ. ಹಾನಗಲ್ಲು ದಾಟುವವರೆಗೂ ಅದೇ ನಡೆಯಿತು. ಅವನು ಸೋಲುವ ಹಂತಕ್ಕೆ ಬಂದಿದ್ದ. ಅಷ್ಟರಲ್ಲಿ ಮುಂದಿನ ಸೀಟಿನ ಮುದುಕಿ ತಿರುಗಿ, ಕಂಬಳಿಯೊಳಗೆ ಏನೈತೆ ಎಂದು ತೆಲುಗಿನಲ್ಲಿ ಕೇಳಿದಳು. ತಾತ ನಗದೆ, ಹನ್ನೊಂದು ದನ ಎಂದರು. ಬಸ್ಸೆಲ್ಲ ತಿರುಗಿ ನೋಡಿತು.

"ದನಕ್ಕಂತೂ ಲಗೇಜ್ ಐತೆ," ಎಂದ ಕಂಡಕ್ಟರ್, ಚೀಟಿ ಹರಿದು ಕೈಗಿಟ್ಟ.

ಚಳ್ಳಕೆರೆಯಲ್ಲಿ ಮೊದಲು ಹೋದದ್ದು ಕೊಂಡ ಅಂಗಡಿಗೇ. ಅವನು ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ. ಫಾರ್ಮ್ಯಾಟ್ ಹೊಡೆದುಬಿಡೋಣ, ಹೊಸದರ ಹಂಗೆ ಆಗುತ್ತೆ, ಸಂಜೆ ಬಂದು ತಗೊಂಡು ಹೋಗ್ರಿ ಎಂದ. ಒಳಗಿರುವುದು ಏನಾಗುತ್ತದೆ ಎಂದು ಕೇಳಿದೆ. ಅದು ಹೋಗುತ್ತೆ ಎಂದ, ಬಟ್ಟೆಯ ಕಲೆಯ ಬಗ್ಗೆ ಹೇಳುವಷ್ಟು ಸಲೀಸಾಗಿ. ನಾನು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ತಾತ ಟೇಬಲ್ಲಿನ ಮೇಲಿಂದ ಪೆಟ್ಟಿಗೆಯನ್ನು ಎತ್ತಿ ರಸ್ತೆಗೆ ಇಳಿದಾಗಿತ್ತು. ಹೊಸದರ ಹಾಗೆ ಮಾಡಿಕೊಡುತ್ತೇನೆ ಎಂದು ಯಾರೇ ಹೇಳಲಿ, ಹಳೆಯದನ್ನು ಏನು ಮಾಡುತ್ತೀಯ ಎಂದು ಮೊದಲು ಕೇಳಿ. ಮನೆ ರಿಪೇರಿಗೂ ಇದೇ ಮಾತು.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಟೈಪಿಂಗ್ ಶಾಲೆ ಇತ್ತು. ಹತ್ತು ಹನ್ನೆರಡು ಟೈಪ್‌ರೈಟರುಗಳ ನಡುವೆ ಹೊಸದಾಗಿ ಎರಡು ಕಂಪ್ಯೂಟರ್ ಇಟ್ಟು ಒಬ್ಬ ಮೇಡಂ ಪಾಠ ಹೇಳುತ್ತಿದ್ದರು. ಅವರ ಅಮ್ಮ ನನ್ನ ಹಳೆಯ ಗಿರಾಕಿ. ಆ ಅಮ್ಮನ ಚೌಕಾಸಿ ನೆನೆಸಿಕೊಂಡರೆ ಈಗಲೂ ನನಗೆ ಬೆವರು ಬರುತ್ತದೆ, ಮಗಳು ಅದೇ ಕಣ್ಣಿನವರು. ಕಂಬಳಿ ಬಿಚ್ಚಿದ್ದನ್ನು ನೋಡಿಯೇ ಸಿಟ್ಟಾದರು. ಉಣ್ಣೆ ತಿಕ್ಕಿದರೆ ಅದರಲ್ಲಿ ಸಣ್ಣ ಮಿಂಚು ಹುಟ್ಟುತ್ತದಂತೆ, ಒಳಗಿನ ಸೂಕ್ಷ್ಮ ಭಾಗಗಳಿಗೆ ಅದೇ ಸಾಕಂತೆ. ಹತ್ತಿಯ ಬಟ್ಟೆಯಲ್ಲಿ ತನ್ನಿ ಎಂದರು. ಅಂದಿನಿಂದ ಇಂದಿನವರೆಗೆ ಎಂಥ ಚಳಿಯಲ್ಲೂ ನಾನು ಕಂಪ್ಯೂಟರಿಗೆ ಕಂಬಳಿ ಹೊದಿಸಿಲ್ಲ.

ತಮ್ಮ ಪರದೆ, ತಮ್ಮ ಕೀಲಿಮಣೆಯನ್ನು ನಮ್ಮ ಪೆಟ್ಟಿಗೆಗೆ ಸಿಕ್ಕಿಸಿದರು. ಅದೇ ಕಪ್ಪು, ಅದೇ ಸಾಲು.

"ಏನೇನು ಮುಟ್ಟಿದ್ರಿ ಸಾವ್ಕಾರ್ರೇ? ಎಲ್ಲಾ ಹೇಳ್ರಿ."

"ಏನೂ ಮುಟ್ಟಿಲ್ಲ ಮೇಡಂ. ತಾನಾಗೇ ಹಿಂಗಾತು."

ಮೇಡಂ ಡಿಲೀಟ್ ಒತ್ತಿದರು. ಪಾಸ್‌ವರ್ಡ್ ಕೇಳಿತು. ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಇದನ್ನೂ ತಾನಾಗೇ ಇಟ್ಕೊಂಡೈತಾ?"

ಟೈಪ್‌ರೈಟರುಗಳ ಸದ್ದು ನಿಂತಿತ್ತು. ಕಲಿಯಲು ಬಂದಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ತಾತನೂ. ಪಾಸ್‌ವರ್ಡ್ ಇಟ್ಟಿದ್ದನ್ನು ಒಪ್ಪಿಕೊಂಡೆ. ಒತ್ತಿದೆ. ಮೂರು ಸಲ ತಪ್ಪು ಎಂದಿತು. ಸಂಖ್ಯೆ ಖಾತ್ರಿಯಾ ಎಂದು ಕೇಳಿದರು. ನನ್ನ ಹೆಸರು ಎಷ್ಟು ಖಾತ್ರಿಯೋ ಅಷ್ಟು ಎಂದೆ. ಹಾಗಾದರೆ ಇನ್ನೊಂದು ದಾರಿ ಇದೆ ಎಂದು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಒಳಗೆ ಗುಂಡಗೆ ಹೊಳೆಯುತ್ತಿದ್ದ ಒಂದು ಬ್ಯಾಟರಿ ತೋರಿಸಿದರು. ಇದನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ ನೀಲಿ ಪರದೆಯಲ್ಲಿ ಬದಲಾಯಿಸಿದ್ದೆಲ್ಲ ಅಳಿಸಿಹೋಗುತ್ತದೆ, ಪಾಸ್‌ವರ್ಡೂ ಹೋಗುತ್ತದೆ, ಚಿತ್ರ ಇರುವುದು ಬೇರೆ ಕಡೆ, ಅದಕ್ಕೆ ಏನೂ ಆಗುವುದಿಲ್ಲ ಎಂದರು.

ಸರಿಯಾದ ಮಾತೇ. ಈಗ ಯಾರಾದರೂ ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವತ್ತು 'ಹೋಗುತ್ತದೆ' ಎಂಬ ಮಾತನ್ನು ಒಂದೇ ಗಂಟೆಯಲ್ಲಿ ಎರಡನೇ ಸಲ ಕೇಳಿದ ತಾತನ ಕೈ ಪೆಟ್ಟಿಗೆಯ ಮೇಲೆ ಹೋಗಿ ಕೂತಿತ್ತು.

"ತೆಗೀಬ್ಯಾಡಮ್ಮ ಇನ್ನೂ," ಎಂದರು. "ಅವನು ಇನ್ನೊಂದು ಸಲ ಒತ್ತಲಿ. ನಾನು ನೋಡ್ತೀನಿ."

ಮೇಡಂ ಗಡಿಯಾರ ನೋಡಿದರು, ಸರಿ ಎಂದರು. ನಾನು ಒತ್ತಿದೆ. ತಾತ ಪರದೆಯನ್ನು ನೋಡಲೇ ಇಲ್ಲ. ನಲವತ್ತು ವರ್ಷ ಸಾವಿರಾರು ಚೌಕಗಳಲ್ಲಿ ತಪ್ಪಿದ ಒಂದು ಚೌಕವನ್ನು ಹುಡುಕಿದ ಕಣ್ಣು ಅದು. ನನ್ನ ಬೆರಳ ಮೇಲೆ ಇತ್ತು, ಆಮೇಲೆ ಕೀಲಿಮಣೆಯ ಬಲಮೂಲೆಗೆ ಹೋಯಿತು.

"ಮನೇಲಿ ಇಲ್ಲೊಂದು ಹಸಿರು ದೀಪ ಉರೀತಿತ್ತು. ಇಲ್ಲಿ ಯಾಕೆ ಇಲ್ಲ?"

"ಅದನ್ನ ನಾನೇ ಆರಿಸ್ದೆ," ಎಂದೆ. "ಸುಮ್ನೆ ಉರೀತಿತ್ತು."

ಮೇಡಂ ಸೆರಗು ಬಾಯಿಗೆ ಹಿಡಿದು ನಗಲು ಶುರುಮಾಡಿದರು. ಆ ದೀಪ ಉರಿಯುತ್ತಿದ್ದರೆ ಮಾತ್ರ ಬಲಗಡೆಯ ಗುಂಪು ಅಂಕಿಗಳನ್ನು ಬರೆಯುತ್ತದೆ. ಆರಿದ್ದರೆ ಅದೇ ಕೀಲಿಗಳು ಮೇಲೆ ಕೆಳಗೆ ಓಡಾಡುವ ಬಾಣಗಳಾಗುತ್ತವೆ. ಪಾಸ್‌ವರ್ಡ್ ಇಡುವಾಗ ದೀಪ ಇನ್ನೂ ಉರಿಯುತ್ತಿತ್ತು. ಉಳಿಸಿ ಹೊರಗೆ ಬಂದ ಮೇಲೆ ಆರಿತು. ಬೆಳಗಿನಿಂದ ನಾನು ಎಳೆಗಳ ಸಂಖ್ಯೆ ಎಂದು ಒತ್ತುತ್ತಿದ್ದದ್ದು ಬರೀ ಓಡಾಟ. ಮೇಡಂ ಒಂದು ಕೀಲಿ ಒತ್ತಿದರು, ದೀಪ ಹತ್ತಿತು. ಈಗ ಒತ್ತಿ ಎಂದರು. ಒತ್ತಿದೆ. ನೀಲಿ ಪರದೆ ತೆರೆಯಿತು.

ಇಷ್ಟಾದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮೂರು ಮತ್ತು ನಾಲ್ಕನೇ ಸಾಲನ್ನು ಕಟ್ಟಿಹಾಕಿದ್ದನ್ನು ಹೇಳಿದೆ, ಯಾಕೆ ಎಂಬುದನ್ನೂ. ಮೇಡಂಗೆ ಕೊಕ್ಕೆಯ ವಿಚಾರ ಗೊತ್ತಿರಲಿಲ್ಲ. ತಾತ ವಿವರಿಸಿದರು, ಅದು ನಮ್ಮಲ್ಲಿ ಸರಿಯಾದ ಕ್ರಮವೇ ಅಮ್ಮ ಎಂದು ನನ್ನ ಪರವಾಗಿ ಸಾಕ್ಷಿಯನ್ನೂ ಹೇಳಿದರು. ಆದರೂ ಎಲ್ಲ ಯಂತ್ರದಲ್ಲೂ ಡಿಸ್ಕು ಮೊದಲನೇ ಸಾಲಿನಲ್ಲೇ ಇರಬೇಕಲ್ಲ, ನಿಮ್ಮದು ಮೂರರಲ್ಲಿ ಯಾಕೆ ಎಂದು ಮೇಡಂ ಪೆಟ್ಟಿಗೆಯೊಳಗೆ ಬಗ್ಗಿದರು. ಒಳಗಿನ ಹಸಿರು ಹಲಗೆಯಲ್ಲಿ ವಯರು ಸಿಕ್ಕಿಸುವ ಎರಡು ಬಾಯಿಗಳಿದ್ದವು, ಒಂದೊಂದು ಬಾಯಿಗೆ ನೀಲಿ ಪರದೆಯ ಎರಡೆರಡು ಸಾಲು. ಮೊದಲನೆಯದರ ಎರಡು ಹಲ್ಲು ಮುರಿದಿದ್ದವು. ಅದಕ್ಕೇ ಡಿಸ್ಕು ಮತ್ತು ಸಿಡಿ ಎರಡನ್ನೂ ಎರಡನೇ ಬಾಯಿಗೆ ಕೂರಿಸಿದ್ದ ಆ ಹಿಂದಿನ ಕೋಣೆಯ ಮಹಾನುಭಾವ. ನಾಲ್ಕರಲ್ಲಿ ಎರಡು ಖಾಲಿ ಎಂಬ ನನ್ನ ಲೆಕ್ಕ ಸರಿಯೇ ಇತ್ತು. ಯಾವ ಎರಡು ಎಂಬಲ್ಲಿ ಎಡವಿದ್ದೆ.

"ಎಷ್ಟಕ್ಕೆ ತಗೊಂಡ್ರಿ ಇದನ್ನ?"

ಹೇಳಿದೆ. ಆ ಬೆಲೆ ಹೇಳುವಾಗ ನನಗೆ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

"ಹಂಗಾದ್ರೆ ಅವರದ್ದೇನೂ ತಪ್ಪಿಲ್ಲ ಬಿಡ್ರಿ," ಎಂದರು ಮೇಡಂ. "ಅಷ್ಟಕ್ಕೆ ಇಷ್ಟೇ ಬಾಯಿ."

ಮೂರನ್ನೂ ನಾಲ್ಕನ್ನೂ ಮತ್ತೆ ಆಟೋ ಮಾಡಿ, ದೀಪಕ್ಕೆ ಉರಿಯಲು ಅಪ್ಪಣೆ ಕೊಟ್ಟು, ಪಾಸ್‌ವರ್ಡನ್ನು ನನ್ನ ಒಪ್ಪಿಗೆ ಕೇಳದೆ ತೆಗೆದುಹಾಕಿ, ಉಳಿಸಿ ಹೊರಬಂದರು. ಪರದೆ ಕಪ್ಪಾಯಿತು. ನಿಂತಿತು. ಹುಡುಕಿತು. ದಿನವೂ ನಾನು ಬೈದುಕೊಳ್ಳುತ್ತಿದ್ದ ಆ ನಿಧಾನವನ್ನು ಅವತ್ತು ನೋಡುತ್ತ ನಿಂತಿದ್ದೆ, ಹುಡುಕಪ್ಪ, ಎಷ್ಟು ಹೊತ್ತಾದರೂ ಹುಡುಕು ಎಂದು. ಆಮೇಲೆ ಬಣ್ಣ ಬಂತು.

ತಾತನೇ ಮೌಸು ಹಿಡಿದು ಚಿತ್ರ ತೆರೆದರು. ಇದ್ದವು. ಹನ್ನೊಂದೂ ಇದ್ದವು, ಕೊನೆಯ ಎರಡಕ್ಕೆ ಕಾಲಿಲ್ಲದೆ. ಟೈಪಿಂಗ್ ಕಲಿಯುವವರೆಲ್ಲ ಎದ್ದು ಬಂದು ಸುತ್ತ ನಿಂತರು. ಯಾರೋ ಒಬ್ಬಳು, ಇವು ಉಳ್ಳಾರ್ತಿ ಕಾವಲಿನ ದನ ಅಲ್ವಾ ಎಂದಳು. ತಾತ ಒಂದೊಂದೇ ದನದ ಹತ್ತಿರ ಹೋಗಿ, ದೊಡ್ಡದು ಮಾಡಿ, ಕೊಂಬಿನಿಂದ ಗೊರಸಿನವರೆಗೆ ನೋಡಿ ಮುಂದೆ ಹೋಗುತ್ತಿದ್ದರು, ಸಂತೆಯಿಂದ ಬಂದ ದನದ ಮೈ ತಡವುವ ಹಾಗೆ. ಏಳನೆಯದರ ಹತ್ತಿರ ನಿಂತರು. ನೋಡಿದರು. ನೋಡಿ, ಅದರ ಇಡೀ ಕೊಂಬನ್ನು ಅಳಿಸಿಬಿಟ್ಟರು.

ನಾನು ಅವರ ಕೈ ಹಿಡಿದುಕೊಂಡೆ. ಏನು ಮಾಡ್ತಿದೀರಿ ತಾತ ಎಂದೆ.

"ಬಿಡು ನಾಯ್ನಾ. ವಾರದಿಂದ ಕಾಡ್ತಿತ್ತು ಈ ಕೊಂಬು. ಸರಿಯಿಲ್ಲ ಇದು."

ಮುಕ್ಕಾಲು ಗಂಟೆ ಕೂತು, ನಡುಗುವ ಕೈಗೆ ಎಡಗೈಯ ಊರುಗೋಲು ಕೊಟ್ಟು, ಆ ಒಂದು ಕೊಂಬನ್ನು ಹೊಸದಾಗಿ ಬರೆದರು. ನಾನು ಬಸ್ಸಿನ ಹೊತ್ತನ್ನು ನೆನಪಿಸಲು ಹೋಗಿ ಮೇಡಂ ಕಣ್ಣು ನೋಡಿ ಸುಮ್ಮನಾದೆ.

ಯಾರೂ ಕೇಳದಿದ್ದರೂ ಮೇಡಂ ಚಿತ್ರವನ್ನು ಮೂರು ಫ್ಲಾಪಿಗೆ ಹಾಕಿದರು. ಒಂದು ನಿಮಗೆ, ಒಂದು ತಾತನಿಗೆ, ಒಂದು ನನ್ನ ಬೀರುವಿನಲ್ಲಿ ಎಂದರು. ತಾತ ಅದಕ್ಕೂ ಒಪ್ಪಲಿಲ್ಲ, ಚೌಕಳಿ ಕಾಗದದ ಮೇಲೂ ಬೇಕು, ಕೂತು ತುಂಬುವುದು ನೀನು, ನಾನು ಹೇಳ್ತೀನಿ ಎಂದರು ನನಗೆ. ಕಾಗದ ಬೀದಿಗೆ ಬಿದ್ದರೆ ಪಕ್ಕದ ಮಗ್ಗದವರು ಕದಿಯುತ್ತಾರೆ ಎಂಬ ನನ್ನ ಹಳೆಯ ವಾದವನ್ನೇ ತೆಗೆದೆ.

"ಅವರು ಕದ್ರೆ ಯಾರಾದ್ರೂ ಒಬ್ಬಳು ಉಡ್ತಾಳೆ," ಎಂದರು ತಾತ. "ಪೆಟ್ಟಿಗೆ ನುಂಗಿದ್ರೆ ಯಾರೂ ಉಡಲ್ಲ."

ಹತ್ತು ದಿನ ಬೆಳಗಿನ ಹೊತ್ತು ಚಾಪೆಯ ಮೇಲೆ ಮಂಡಿ ಊರಿ ಚೌಕಗಳಿಗೆ ಕೆಂಪು ತುಂಬಿದೆ. ಒಂದು ಚೌಕ ಆಚೆ ಹೋದರೆ ತಾತ ಮಂಡಿಗೆ ಬೆರಳಿನಿಂದ ಹೊಡೆಯುತ್ತಿದ್ದರು. ಏನೇ ಆಗಲಿ ಎರಡು ಕಡೆ ಇಡಿ, ಎರಡರಲ್ಲಿ ಒಂದು ಕರೆಂಟು ಬೇಡದ್ದಿರಲಿ. ಕಂಪ್ಯೂಟರ್ ಬಗ್ಗೆ ನನಗೆ ಗೊತ್ತಿರುವ ಅತಿ ಉಪಯುಕ್ತ ಸಂಗತಿ ಇದು, ಮಂಡಿನೋವು ಕೊಟ್ಟು ಕೊಂಡದ್ದು.

ತಾತ ಬಾಕಿ ಕಾಲುಗಳನ್ನೂ ಬರೆದು ಮುಗಿಸಿ, ಧರ್ಮಾವರದಿಂದ ಕಾರ್ಡು ಬಂದು, ಮಗ್ಗಕ್ಕೆ ಏರಿ, ಮೊದಲ ಸೀರೆ ಇಳಿದದ್ದು ಎರಡು ತಿಂಗಳಿಗೆ. ಎಲೆಹಸಿರು ಒಡಲು, ಕುಂಕುಮದ ಸೆರಗು. ನಾನೇ ತಟ್ಟೆಯಲ್ಲಿಟ್ಟು ತಾತನ ಮನೆಗೆ ಕೊಂಡುಹೋದೆ. ಅಜ್ಜಿ ಒಳಗೆ ಹೋಗಿ ಉಟ್ಟುಕೊಂಡು ಬಂದರು. ತಾತ ಕಟ್ಟೆಯ ಮೇಲೆ ಕೂತು, ಪರೀಕ್ಷೆ ಬರೆದವರ ಹಾಗೆ ನೆಲ ನೋಡುತ್ತಿದ್ದರು. ಅಜ್ಜಿ ಸೆರಗನ್ನು ಮುಂದಕ್ಕೆ ಎಳೆದು ಹನ್ನೊಂದನ್ನೂ ಎಣಿಸಿದರು, ಮತ್ತೆ ಬೆನ್ನ ಹಿಂದೆ ಬಿಟ್ಟರು.

"ಉಟ್ಟೋಳಿಗೆ ಸೆರಗು ಎಲ್ಲಿ ಕಾಣ್ತೈತೆ," ಎಂದರು. "ಕಷ್ಟಪಟ್ಟು ಬರೆದೋನು ನೀನು. ನಾನು ಮುಂದೆ ನಡೀತೀನಿ, ನೀನು ಹಿಂದೆ ನೋಡ್ಕಂತ ಬಾ."

ದೇವಸ್ಥಾನದ ಬೀದಿಯಲ್ಲಿ ಅಜ್ಜಿ ಮುಂದೆ ನಡೆದರು. ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದ ತಾತ ಅವತ್ತು ಹಿಂದೆ, ಕಣ್ಣು ಏಳನೆಯ ದನದ ಮೇಲೆ. ಇಬ್ಬರ ಹಿಂದೆ ನಾನು, ಯಾವ ಯಾವ ಬಾಗಿಲಲ್ಲಿ ಹೆಂಗಸರು ಹೊರಗೆ ಬಂದು ನಿಂತು ನೋಡಿದರು ಎಂಬುದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತ.